ಎಲ್ಲರಿಗೂ ಶನಿವಾರ ಹತ್ತು ಗಂಟೆ

ಭಾನುವಾರ ಬೆಳಿಗ್ಗೆ ತರಗತಿ ಶುರುವಾಗುವ ಮೊದಲು ನಮ್ಮ ಕಲಿಸುವವರು ಗೋಡೆಯ ಪೆಟ್ಟಿಗೆಯಿಂದ ಇಂಟರ್ನೆಟ್ ತಂತಿಯನ್ನು ಕಿತ್ತು, ಸುರುಳಿ ಸುತ್ತಿ, ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಸಂಜೆ ಬಾಗಿಲಿಗೆ ಬೀಗ ಹಾಕುವವರೆಗೆ ಅದು ಅಲ್ಲಿಯೇ. ಚಹಾ ಕುಡಿಯಲು ಕೆಳಗಿಳಿದಾಗಲೂ ತೆಗೆಯುತ್ತಿರಲಿಲ್ಲ.

"ಭಾಯ್, ಹಾರ ಯಾರು ಹಾಕಿದ್ದು? ಮದುವೆಯೋ, ಚುನಾವಣೆಯೋ?" ಎಂದು ಯಾರಾದರೂ ಹೊಸಬರು ಕೇಳುತ್ತಿದ್ದರು.

"ಇದು ನನ್ನ ಕೊರಳಲ್ಲಿರುವ ತನಕ ನೀವು ಏನು ಮುರಿದರೂ ಅದು ಈ ಕೋಣೆಯದ್ದೇ. ಹೊರಗಿನವರದ್ದಲ್ಲ."

ಅಹಮದಾಬಾದಿನ ಆಶ್ರಮ ರಸ್ತೆಯಲ್ಲಿ, ಒಂದು ಕಂಪ್ಯೂಟರ್ ತರಬೇತಿ ಕೇಂದ್ರದ ಮೊದಲ ಮಹಡಿ ಅದು. ಭಾನುವಾರ ಕೇಂದ್ರದ ತರಗತಿಗಳು ಇಲ್ಲದ್ದರಿಂದ ಭಾಯ್ ಅವರ ಗುಂಪಿಗೆ ಕೋಣೆ ಸಿಕ್ಕಿತ್ತು. ಹತ್ತು ಕಂಪ್ಯೂಟರ್, ಮೂಲೆಯಲ್ಲಿ ಒಂದು ಸರ್ವರ್, ಎಲ್ಲವನ್ನೂ ಜೋಡಿಸುವ ಒಂದು ಚಿಕ್ಕ ಪೆಟ್ಟಿಗೆ. ಕಳ್ಳರು ವೆಬ್‌ಸೈಟಿನೊಳಗೆ ಹೇಗೆ ನುಗ್ಗುತ್ತಾರೆ ಎಂಬುದನ್ನು ಕೈಯಾರೆ ಮಾಡಿ ಕಲಿಯುವುದು, ಆಮೇಲೆ ಆ ದಾರಿಯನ್ನು ಮುಚ್ಚುವುದು ಹೇಗೆಂದು ಕಲಿಯುವುದು, ಇಷ್ಟೇ ಅವರ ಕೆಲಸ. ಎಥಿಕಲ್ ಹ್ಯಾಕಿಂಗ್ ಎಂಬ ಮಾತು ಆಗಿನ್ನೂ ಹೊಸದು. ಕೇಳಿದವರು ಮೊದಲನೆಯ ಪದ ಬಿಟ್ಟು ಎರಡನೆಯದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಿದ್ದರು.

ನಾನು ಆ ಊರಿನ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಧಾರವಾಡದವನು. ಗುಂಪಿನ ಬಗ್ಗೆ ಒಂದು ಚಿಕ್ಕ ವರದಿ ಬರೆಯಲು ಹೋದವನನ್ನು ಅವರು ಕೆಲಸಕ್ಕೆ ಹಚ್ಚಿದರು. ಅವರಿಗೆ ಒಂದು ತೊಂದರೆ ಇತ್ತು. ದೋಷ ಹುಡುಕುವುದು ಬರುತ್ತಿತ್ತು, ಹೇಳುವುದು ಬರುತ್ತಿರಲಿಲ್ಲ. ಒಬ್ಬ ಸೀರೆ ವ್ಯಾಪಾರಿ ತನ್ನ ವೆಬ್‌ಸೈಟನ್ನು ಪರೀಕ್ಷಿಸಲು ತಾನೇ ಅನುಮತಿ ಕೊಟ್ಟಿದ್ದ. "ನಿಮ್ಮ ವೆಬ್‌ಸೈಟ್ ಸಂಪೂರ್ಣ ಧ್ವಂಸ" ಎಂಬ ತಲೆಬರಹದ ವರದಿ ಕೈಗೆ ಬಂದಾಗ ಅವನು ಅದನ್ನು ತಂದವರನ್ನು ಅಂಗಡಿಯ ಮೆಟ್ಟಿಲವರೆಗೆ ಅಟ್ಟಿಸಿಕೊಂಡು ಬಂದಿದ್ದ. ಹಾಗಾಗಿ ಊಟದ ನಂತರದ ಒಂದು ಗಂಟೆ ನನ್ನದಾಯಿತು. ಗುಣವಾಚಕ ತೆಗೆಯಿರಿ. ಏನು ನೋಡಿದಿರಿ, ಎಷ್ಟು ಹೊತ್ತಿಗೆ, ಇದರಿಂದ ಯಾರಿಗೆ ಏನು ತೊಂದರೆ ಎಂದು ಬರೆಯಿರಿ. ಸುದ್ದಿಮನೆಯಲ್ಲಿ ನನಗೆ ಬೈದು ಕಲಿಸಿದ್ದನ್ನು ನಾನು ಇಲ್ಲಿ ಬೈಯದೆ ಕಲಿಸುತ್ತಿದ್ದೆ.

ಅವರದ್ದು ಬಿಗಿಯಾದ ಪದ್ಧತಿ. ಲಿಖಿತ ಅನುಮತಿ ಇಲ್ಲದೆ ಯಾರ ವೆಬ್‌ಸೈಟನ್ನೂ ಮುಟ್ಟುವಂತಿಲ್ಲ. ಅನುಮತಿ ಇದ್ದರೂ ಅಸಲನ್ನು ಮುಟ್ಟುವಂತಿಲ್ಲ. ಇಡೀ ವೆಬ್‌ಸೈಟಿನ ನಕಲು ಮಾಡಿ, ಒಳಗಿನ ಹೆಸರುಗಳನ್ನೆಲ್ಲ ಅಳಿಸಿ, ರೋಗಿ ಒಂದು, ರೋಗಿ ಎರಡು, ಗಿರಾಕಿ ಮೂರು ಎಂದು ಸುಳ್ಳು ಹೆಸರು ತುಂಬಿ, ಆ ನಕಲಿನ ಮೇಲೆ ಅಭ್ಯಾಸ. ದೋಷ ಕಂಡವರೇ ಮಾಲೀಕರ ಎದುರು ಕುಳಿತು ಅದನ್ನು ಹೇಳಬೇಕು.

ಆ ಗುಂಪಿನಲ್ಲಿ ಕನ್ನಡದವರು ನಾವಿಬ್ಬರೇ. ಇನ್ನೊಬ್ಬಳು ಇಪ್ಪತ್ತಮೂರು ವರ್ಷದ ಹುಡುಗಿ, ಪ್ರತಿ ಭಾನುವಾರ ಸೂರತ್‌ನಿಂದ ರೈಲಿನಲ್ಲಿ ಬರುತ್ತಿದ್ದಳು. ಅವಳ ತಂದೆ ಕುಂದಾಪುರದ ಕಡೆಯವರು, ಉಧನಾದಲ್ಲಿ ಇಡ್ಲಿ-ದೋಸೆಯ ಹೋಟೆಲ್ ಇಟ್ಟಿದ್ದರು. ಹುಟ್ಟಿ ಬೆಳೆದದ್ದೆಲ್ಲ ಸೂರತ್ತಿನಲ್ಲೇ ಆದ್ದರಿಂದ ಅವಳ ಕನ್ನಡದಲ್ಲಿ ಗುಜರಾತಿ, ಹಿಂದಿ ಎರಡೂ ಸೇರಿಕೊಂಡಿದ್ದವು.

"ಅಣ್ಣ, ನೀವು ಕನ್ನಡ ಮಾತಾಡಿದ್ರೆ ಜಗಳ ಮಾಡಿದ ಹಾಗೆ ಉಂಟು" ಎಂದಿದ್ದಳು ಮೊದಲ ದಿನವೇ.

"ನಿಮ್ಮದು ಕೇಳಿದರ ನನಗ ನಿದ್ದಿ ಬರತದ" ಎಂದೆ ನಾನು. ಅಲ್ಲಿಗೆ ಪರಿಚಯ ಮುಗಿಯಿತು.

ಅದೇ ಊರಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿನಲ್ಲಿ ಅವಳಿಗೆ ಕೆಲಸ. ಕಚೇರಿಯ ನಾಲ್ಕು ಕಂಪ್ಯೂಟರುಗಳಿಗೂ ಅವಳೊಬ್ಬಳೇ ದಿಕ್ಕು. ಊಟದ ಹೊತ್ತಿನಲ್ಲಿ ಒಂದು ಹಳೆಯ ಯಂತ್ರದ ಮೇಲೆ ತನ್ನ ಅಭ್ಯಾಸ ಮಾಡಿಕೊಳ್ಳಲು ಮಿಲ್ಲಿನ ಶೇಠ್ ಒಪ್ಪಿದ್ದರು. ಅವಳ ತಂದೆ ಭಾನುವಾರದ ಪ್ರಯಾಣಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ಮಿಲ್ಲಿಂದ ಒಂದೇ ಒಂದು ಕಂಪ್ಲೇಂಟ್ ಬರ್ಲಿ, ಅಹಮದಾಬಾದ್ ಬಂದ್." ಅದನ್ನು ಅವಳು ತಂದೆಯ ದನಿಯಲ್ಲೇ ನಮಗೆ ಮಾಡಿ ತೋರಿಸುತ್ತಿದ್ದಳು.

ಆ ಚಳಿಗಾಲದಲ್ಲಿ ವಡೋದರಾದ ಒಂದು ಸಣ್ಣ ಕಣ್ಣಿನ ಆಸ್ಪತ್ರೆ ತನ್ನ ವೆಬ್‌ಸೈಟಿನ ನಕಲು ಮಾಡಿಕೊಳ್ಳಲು ಅನುಮತಿ ಕೊಟ್ಟಿತು. ರೋಗಿಗಳು ಯಾವ ದಿನ, ಎಷ್ಟು ಹೊತ್ತಿಗೆ ತಪಾಸಣೆಗೆ ಬರಬೇಕೆಂಬ ಪಟ್ಟಿ ಆ ಸೈಟಿನಲ್ಲಿತ್ತು. ಹಳ್ಳಿಯವರ ಪರವಾಗಿ ಸುತ್ತಲಿನ ಊರುಗಳ ಸೈಬರ್ ಕೆಫೆಯವರು ಅದರಲ್ಲಿ ಹೆಸರು ಬರೆಸಿ, ಚೀಟಿ ಮುದ್ರಿಸಿ ಕೊಡುತ್ತಿದ್ದರು. ಗುಂಪಿನವರು ನಕಲಿನ ಮೇಲೆ ಕೆಲಸ ಮಾಡಿ ಒಂದು ದೊಡ್ಡ ತೂತು ಹುಡುಕಿದರು. ಪಾಸ್‌ವರ್ಡ್ ಬರೆಯುವ ಜಾಗದಲ್ಲಿ ಒಂದು ನಿರ್ದಿಷ್ಟ ಸಾಲು ಬರೆದರೆ ಯಾರು ಬೇಕಾದರೂ ಮೇಲ್ವಿಚಾರಕರಂತೆ ಒಳಗೆ ಹೋಗಿ ಪಟ್ಟಿಯನ್ನು ತಿದ್ದಬಹುದಿತ್ತು. ವೈದ್ಯರಿಗೆ ಕೂತು ಕೇಳಲು ಬಿಡುವಿರಲಿಲ್ಲವೆಂದು ವರದಿಯನ್ನು ಆಸ್ಪತ್ರೆಗೆ ಮುಟ್ಟಿಸಿ ಬಂದರು. ನಕಲಿನ ಸಿಡಿಯನ್ನು ಮನೆಪಾಠಕ್ಕೆಂದು ಎಲ್ಲರಿಗೂ ಕೊಟ್ಟರು. ಪಟ್ಟಿಯನ್ನು ಒಂದೇ ಏಟಿಗೆ ಬದಲಿಸಿ ತೋರಿಸುವುದು ಪಾಠ.

ಇಲ್ಲಿ ಒಂದು ವಿಷಯ ಹೇಳಬೇಕು. ನಕಲಿಗೂ ಅಸಲಿಗೂ ವಿಳಾಸ ಒಂದೇ ಇರುತ್ತಿತ್ತು. ಕಂಪ್ಯೂಟರಿನೊಳಗೆ ಒಂದು ಪುಟ್ಟ ಕಡತದಲ್ಲಿ, ಈ ವಿಳಾಸ ಕೇಳಿದರೆ ಹೊರಗೆ ಹೋಗಬೇಡ, ಇಲ್ಲೇ ಇರುವ ನಕಲನ್ನು ತೋರಿಸು ಎಂದು ಒಂದು ಸಾಲು ಬರೆದಿಡುತ್ತಿದ್ದರು. ಆ ಸಾಲು ಇದ್ದರೆ ನಕಲು, ಇಲ್ಲದಿದ್ದರೆ ಅಸಲು. ಅಹಮದಾಬಾದಿನ ಕೋಣೆಯಲ್ಲಿ ಹೊರಗಿನ ತಂತಿಯೇ ಇರುತ್ತಿರಲಿಲ್ಲವಾದ್ದರಿಂದ ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಎರಡಕ್ಕೆ ನನ್ನ ಮೇಜಿನ ಫೋನ್ ಹೊಡೆದುಕೊಂಡಿತು.

"ಅಣ್ಣ, ನಾನು. ಒಂದು ದೊಡ್ಡ ಗಲತಿ ಆಯ್ತು. ಭಾಯ್ ಫೋನ್ ಎತ್ತುದಿಲ್ಲ."

"ಏನಾತು? ಸಾವಕಾಶ ಹೇಳು."

"ಆಸ್ಪತ್ರೆಯದ್ದು. ನಕಲು ಅಂತ ಮಾಡಿದೆ. ನಕಲಲ್ಲ, ಅಸಲಿ."

ಹಿಂದಿನ ವಾರ ಮಿಲ್ಲಿನ ಯಂತ್ರಗಳಿಗೆ ವೈರಸ್ ಬಂದಿತ್ತು. ಹಳೆಯ ಯಂತ್ರವನ್ನೂ ಪೂರ್ತಿ ಅಳಿಸಿ ಹೊಸದಾಗಿ ಎಲ್ಲವನ್ನೂ ಹಾಕಿದ್ದಳು, ಅವಳೇ. ನಕಲನ್ನು ತೋರಿಸು ಎನ್ನುವ ಆ ಒಂದು ಸಾಲು ಅದರೊಂದಿಗೇ ಹೋಗಿತ್ತು. ಮಂಗಳವಾರ ಊಟದ ಹೊತ್ತಿಗೆ ವಿಳಾಸ ಬರೆದಳು. ಅದೇ ಪುಟ, ಅದೇ ಬಣ್ಣ, ಅದೇ ಕಣ್ಣಿನ ಚಿತ್ರ. ತೆರೆಯಲು ತುಸು ಹೊತ್ತು ಹಿಡಿಯಿತು, ಹಳೆಯ ಯಂತ್ರ ಎಂದುಕೊಂಡಳು. ಮನೆಪಾಠದ ಸಾಲನ್ನು ಹಾಕಿ ಗುಂಡಿ ಒತ್ತಿದಳು. ಪಟ್ಟಿಯ ಪ್ರತಿಯೊಬ್ಬರಿಗೂ ಸಮಯ ಒಂದೇ ಆಯಿತು: ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಪಾಠ ಸರಿಯಾಯಿತೆಂದು ಹೆಸರುಗಳತ್ತ ನೋಡಿದರೆ ರೋಗಿ ಒಂದು, ರೋಗಿ ಎರಡು ಇರಲಿಲ್ಲ. ಅಜ್ಜಿಯರ ಹೆಸರು, ಮುದುಕರ ಹೆಸರು, ಪಕ್ಕದಲ್ಲಿ ಕರ್ಜಣ, ಡಭೋಯಿ, ಪಾದರಾ ಎಂದು ಊರು.

"ಎಷ್ಟ ಮಂದಿ?"

"ಸ್ಕ್ರೀನಲ್ಲಿ ಹಿಡಿಯುದಿಲ್ಲ ಅಣ್ಣ. ಕೆಳಗೆ ಎಳೀತಾ ಹೋಗ್ಬೇಕು. ಒಂದು ಮಾಡ್ಲಾ? ಅದೇ ದಾರಿಯಲ್ಲಿ ಮತ್ತೆ ಒಳಗೆ ಹೋಗಿ ಎಲ್ಲ ವಾಪಸ್..."

"ಹಳೇ ಸಮಯ ನಿನಗ ಗೊತ್ತದ ಏನು?"

"ಇಲ್ಲ."

"ಮತ್ತ ಏನಂತ ತುಂಬತಿ? ಇನ್ನ ಏನೂ ಮುಟ್ಟಬ್ಯಾಡ. ಯಂತ್ರದಿಂದ ಕೈ ತಗಿ. ಕಾಗದ ತಗೊಂಡು ಎಷ್ಟು ಗಂಟೆಗೆ ಏನ್ ಮಾಡಿದಿ ಬರಿ. ಮೊದಲು ದವಾಖಾನಿಗೆ ತಿಳಸಬೇಕು."

ನಮ್ಮಲ್ಲಿ ತಪ್ಪು ಅಚ್ಚಾದಾಗ ಮಾಡುತ್ತಿದ್ದದ್ದೂ ಅದೇ. ಯಾರಿಗೆ ಪೆಟ್ಟಾಗಿದೆಯೋ ಅವರಿಗೆ ಮೊದಲ ಫೋನ್, ಉಳಿದದ್ದೆಲ್ಲ ಆಮೇಲೆ. ಕಲಿಸುವವರು ಹತ್ತು ನಿಮಿಷದಲ್ಲಿ ಸಿಕ್ಕರು. ಎರಡೂ ಮುಕ್ಕಾಲಿಗೆ ಅವರು ಆಸ್ಪತ್ರೆಯ ವೈದ್ಯರಿಗೆ ವಿಷಯ ತಿಳಿಸಿ, ಸೈಟನ್ನು ಬಂದ್ ಮಾಡಿಸಿದರು.

ನನ್ನ ಮುಖ್ಯಸ್ಥರ ಹತ್ತಿರ ನಾನೇ ಹೋಗಿ ಹೇಳಿದೆ. ಇದು ಸುದ್ದಿಯಾಗಬಹುದಾದ ವಿಷಯ, ಆದರೆ ಆ ಗುಂಪಿನಲ್ಲಿ ನಾನು ಪಾಠ ಹೇಳುತ್ತೇನೆ, ಹಾಗಾಗಿ ನಾನು ಬರೆಯುವಂತಿಲ್ಲ ಎಂದೆ. ಅವರು ಕೈಯಲ್ಲಿದ್ದ ಪ್ರೂಫಿನಿಂದ ತಲೆ ಎತ್ತಲಿಲ್ಲ.

"ಶನಿವಾರ ಹತ್ತಕ್ಕೆ ಅಲ್ಲಿ ಏನೂ ಆಗದಿದ್ದರೆ ಸುದ್ದಿಯಿಲ್ಲ. ಒಬ್ಬ ಮುದುಕ ಬಿಸಿಲಲ್ಲಿ ಬಿದ್ದರೂ ಬೇರೆಯವರನ್ನು ಕಳಿಸುತ್ತೇನೆ. ನೀನು ರಜೆ ಬರೆದುಕೊಡು."

ಬುಧವಾರ ಬೆಳಿಗ್ಗೆ ನಾವು ವಡೋದರಾ ನಿಲ್ದಾಣದಲ್ಲಿ ಸೇರಿದೆವು. ಅವಳು ದಕ್ಷಿಣದಿಂದ, ಕಲಿಸುವವರೂ ನಾನೂ ಉತ್ತರದಿಂದ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕುಳಿತು ಅವಳು ಬರೆದ ಎರಡು ಹಾಳೆ ಓದಿದೆ. ಮೊದಲ ಹಾಳೆ ತುಂಬ ವೈರಸ್, ಅಳಿಸಿದ ಯಂತ್ರ, ಕಳೆದುಹೋದ ಸಾಲು. ರೋಗಿಗಳು ಬಂದದ್ದು ಎರಡನೆಯ ಹಾಳೆಯ ಕೊನೆಯಲ್ಲಿ.

"ಇವರನ್ನ ಮ್ಯಾಲೆ ತಾ" ಎಂದೆ. "ಡಾಕ್ಟರಿಗೆ ನಿನ್ನ ಯಂತ್ರದ ಚಿಂತಿ ಇಲ್ಲ. ಯಾರಿಗೆ ತೊಂದರೆ, ಅದು ಮೊದಲನೇ ಸಾಲು."

ಅವಳು ಚೀಲದಿಂದ ಹೊಸ ಹಾಳೆ ತೆಗೆದು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಮತ್ತೆ ಬರೆದಳು. ಓದಿದೆ. ಹೊತ್ತು ಇತ್ತು, ಕ್ರಮ ಇತ್ತು. ಒಂದು ಮಾತ್ರ ಇರಲಿಲ್ಲ.

"ಎಲ್ಲಿಂದ ಮಾಡಿದಿ ಅಂತ ಇಲ್ಲಲ್ಲ."

ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. "ಮಿಲ್ಲು ಅಂತ ಬರೆದ್ರೆ ಡಾಕ್ಟರ್ ಶೇಠಿಗೆ ಫೋನ್ ಮಾಡ್ತಾರೆ. ನೌಕರಿ ಹೋಗ್ತದೆ. ನೌಕರಿ ಹೋದ್ರೆ ಅಪ್ಪ ಅಹಮದಾಬಾದಿಗೆ ಬಿಡುದಿಲ್ಲ. ಪೊಲೀಸ್ ಅಂತೆಲ್ಲ ಆದ್ರೆ ಹೋಟೆಲಿನ ಹೆಸರೂ..."

ಕಲಿಸುವವರು ನನ್ನತ್ತ ನೋಡಿದರು. ಕನ್ನಡ ಅವರಿಗೆ ಬರದಿದ್ದರೂ ವಿಷಯ ತಿಳಿದಿತ್ತು.

"ಬರಿ ಅಂತ ನಾ ಹೇಳೂದಿಲ್ಲ" ಎಂದೆ. "ವರದಿ ನಿನ್ನದು. ಏನ್ ಬಿಟ್ಟದ ಅಂತ ಅಷ್ಟ ಹೇಳಿದೆ."

ಮುಂಬೈ ಕಡೆಗೆ ಹೋಗುವ ಒಂದು ಗಾಡಿ ಬಂದು ನಿಂತು ಹೊರಟಿತು. ಅವಳು ಹಾಳೆಯ ಅಂಚಿನಲ್ಲಿ ಜಾಗ ಮಾಡಿಕೊಂಡು ಮಿಲ್ಲಿನ ಹೆಸರು, ಪಾಂಡೇಸರಾ ಎಂದು ಬರೆದಳು. "ಶೇಠ್ ಹಜೀರಾದಲ್ಲಿದ್ದಾರೆ, ನಾಳೆ ಬರುದು. ಡಾಕ್ಟರ ಫೋನ್ ಹೋಗುವ ಮೊದ್ಲು ನಾನೇ ಹೇಳ್ತೇನೆ" ಎಂದು ಎದ್ದು ನಿಂತಳು.

ವೈದ್ಯರು ಅರವತ್ತರ ಆಸುಪಾಸಿನವರು. ವರದಿಯನ್ನು ಎರಡು ಸಲ ಓದಿದರು. ಆಮೇಲೆ ಗುಜರಾತಿಯಲ್ಲಿ ಕೇಳಿದರು.

"ಮಿಲ್ಲಿನ ಹೆಸರು ಯಾಕೆ ಬರೆದೆ? ಬಿಟ್ಟಿದ್ದರೆ ನನಗೆ ಗೊತ್ತಾಗುತ್ತಿತ್ತೇ?"

"ಎಲ್ಲಿಂದ ಬಂದರು ಅಂತ ಸರ್ವರ್‌ನಲ್ಲಿ ಬರೆದಿರುತ್ತದೆ ಸಾಹೇಬ್. ನಿಮ್ಮ ವೆಬ್‌ಸೈಟಿನವರು ಹುಡುಕಿ ಹೇಳುತ್ತಿದ್ದರು."

"ಅವನೋ? ಅವನು ಹುಡುಕಲು ಒಂದು ವರ್ಷ ಬೇಕು."

ಯಾರೂ ನಗಲಿಲ್ಲ. ಅವರು ಹೇಳಿದ್ದು ಮೂರೇ ಮಾತು. ಗುಂಪಿಗೆ ಕೊಟ್ಟ ಅನುಮತಿ ಇವತ್ತಿಗೆ ರದ್ದು. ನಡೆದದ್ದನ್ನು ಬರೆದು ಮಿಲ್ಲಿಗೆ ಒಂದು ಪತ್ರ ಹೋಗುತ್ತದೆ. ಪೊಲೀಸರ ವಿಷಯ ಶನಿವಾರ ಸಂಜೆ ತೀರ್ಮಾನ. "ಅಲ್ಲಿಯವರೆಗೆ ಹೊರಗೆ ಫೋನ್ ಇದೆ. ನೀನು ಕೆಡಿಸಿದ್ದನ್ನು ನೀನೇ ಹೇಳಿ ಸರಿಮಾಡು" ಎಂದು ಬಾಗಿಲು ತೋರಿಸಿದರು.

ಹೊರಗಿನ ಕೌಂಟರಿನಲ್ಲಿ ಕೂರುತ್ತಿದ್ದ ಹೆಂಗಸು ಪಟ್ಟಿಯನ್ನು ಪ್ರತಿ ಸಂಜೆ ಕಾಗದಕ್ಕೆ ಮುದ್ರಿಸಿ ಫೈಲಿಗೆ ಹಾಕುವ ರೂಢಿ ಇಟ್ಟುಕೊಂಡಿದ್ದಳು. "ವೆಬ್‌ಸೈಟ್ ಸಾಹೇಬರಿಗೆ, ಕಾಗದ ನನಗೆ" ಎಂದಳು. ಆ ಕಾಗದ ನಮ್ಮನ್ನು ಕಾಯಿತು. ಸೋಮವಾರ ಸಂಜೆಯವರೆಗಿನ ಎಲ್ಲ ಸಮಯಗಳೂ ಅದರಲ್ಲಿದ್ದವು. ಕಾಗದಕ್ಕೆ ಬಾರದೆ ಉಳಿದವರು ಹನ್ನೊಂದು ಜನ, ಸೋಮವಾರ ಸಂಜೆಯಿಂದ ಮಂಗಳವಾರ ಮಧ್ಯಾಹ್ನದೊಳಗೆ ಹೆಸರು ಬರೆಸಿದವರು. ಅದಲ್ಲದೆ ಮಂಗಳವಾರ ಸೈಟ್ ಬಂದ್ ಆಗುವ ಮುನ್ನ ಯಾವ ಕೆಫೆಯವನು ಯಾರಿಗೆ ಶನಿವಾರ ಹತ್ತು ಗಂಟೆಯ ಚೀಟಿ ಮುದ್ರಿಸಿ ಕೊಟ್ಟಿದ್ದಾನೆಂದು ಗೊತ್ತಿರಲಿಲ್ಲ.

ಹಳ್ಳಿಯವರು ಕೊಟ್ಟ ಫೋನ್ ನಂಬರುಗಳಲ್ಲಿ ಹೆಚ್ಚಿನವು ಊರಿನ ಎಸ್‌ಟಿಡಿ ಬೂತಿನವು. ಬೂತಿನವನು ಹೋಗಿ ಕರೆದು ತರುವವರೆಗೆ ಕಾಯಬೇಕು, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಬೇಕು. ಅವಳು ಬೆಳಗಿನಿಂದ ಸಂಜೆ ಐದರವರೆಗೆ ಆ ಸ್ಟೂಲಿನಿಂದ ಏಳಲಿಲ್ಲ. ಒಂದು ಮಾತುಕತೆಯನ್ನು ನಾನು ಆಗಲೇ ಟಿಪ್ಪಣಿ ಮಾಡಿಕೊಂಡೆ. ಡಭೋಯಿಯ ಕಡೆಯ ಒಬ್ಬ ಮುದುಕರು. ಅವರಿಗೆ ಕಿವಿ ಮಂದವೆಂದು ಫೋನಿನ ಈಚೆಗೇ ತಿಳಿಯುತ್ತಿತ್ತು.

"ದಾದಾ, ಕಣ್ಣಿನ ಆಸ್ಪತ್ರೆಯಿಂದ ಮಾತಾಡುತ್ತಿದ್ದೇನೆ. ನೀವು ಬರಬೇಕಾದ್ದು ಯಾವತ್ತು ಅಂತ ಹೇಳಿದ್ದರು?"

"ಶುಕ್ರವಾರ. ಹನ್ನೊಂದಕ್ಕೆ."

"ಶುಕ್ರವಾರವೇ ಬನ್ನಿ. ಶನಿವಾರ ಅಂತ ಯಾರಾದರೂ ಹೇಳಿದರೆ ಕೇಳಬೇಡಿ."

"ಶನಿವಾರ ಅಂತ ಯಾರು ಹೇಳುತ್ತಾರೆ?"

"ನಾನೇ ಹಾಕಿದ್ದೆ ದಾದಾ, ತಪ್ಪಿ."

"ಮತ್ತೆ ಈಗ ಹೇಳುತ್ತಿರುವುದು ಯಾರು?"

"ಅದೂ ನಾನೇ."

"ಹಾಗಾದರೆ ಬೇರೆ ಯಾರಿಗಾದರೂ ಫೋನ್ ಕೊಡು, ಮಗಳೇ!"

ಕೌಂಟರಿನ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕು ಫೋನ್ ತೆಗೆದುಕೊಂಡಳು. ಸಂಜೆಯ ಹೊತ್ತಿಗೆ ಹನ್ನೊಂದರಲ್ಲಿ ಒಂಬತ್ತು ಜನ ಸಿಕ್ಕಿದ್ದರು. ಕೆಫೆಗಳಲ್ಲಿ ಕರ್ಜಣದ್ದು ಮಾತ್ರ ಫೋನ್ ಎತ್ತಲಿಲ್ಲ.

ಗುರುವಾರದ್ದು ನಾನು ಕಂಡದ್ದಲ್ಲ, ಅವಳು ಹೇಳಿದ್ದು. ಮಿಲ್ಲಿನ ಶೇಠ್ ಹನ್ನೊಂದಕ್ಕೆ ಬಂದರು. ಅವಳು ತನ್ನ ವರದಿಯ ಪ್ರತಿಯನ್ನೂ, ವೈದ್ಯರು ಅವಳ ಕೈಗೇ ಕೊಟ್ಟು ಕಳಿಸಿದ್ದ ಲಕೋಟೆಯನ್ನೂ ಮೇಜಿನ ಮೇಲಿಟ್ಟು ನಿಂತಳು. ಅವರು ಲಕೋಟೆ ಒಡೆಯಲಿಲ್ಲ. ಅವಳ ಹಾಳೆಯನ್ನು ಓದಿ, ಅರ್ಥವಾಗದ ಕಡೆ ಬೆರಳಿಟ್ಟು ಕೇಳಿ ತಿಳಿದುಕೊಂಡರು. ಒಳಗಿನಿಂದ ಬಣ್ಣದ ಮಾಸ್ತರರನ್ನು ಕರೆಸಿ, "ಬಣ್ಣ ತಪ್ಪಿದ ಬಟ್ಟೆಯ ಥಾನು ಏನು ಮಾಡುತ್ತೀರಿ ಅಂತ ಈ ಹುಡುಗಿಗೆ ಹೇಳಿ" ಎಂದರು.

"ಮಧ್ಯಾಹ್ನದೊಳಗೆ ನಿಮ್ಮ ಮೇಜಿಗೆ ತರುತ್ತೇನೆ, ಮತ್ತೆ ಅದ್ದುತ್ತೇವೆ" ಎಂದರು ಮಾಸ್ತರ್.

"ತರದಿದ್ದರೆ?"

"ನೀವು ನನ್ನನ್ನು ತೆಗೆಯುತ್ತೀರಿ. ನನ್ನ ಮುಂಚಿನವನನ್ನು ತೆಗೆದ ಹಾಗೆ."

ಶೇಠ್ ಅವಳತ್ತ ತಿರುಗಿ, "ನಮ್ಮ ಮಾಲಿನ ಪಟ್ಟಿಗೂ ಹೊರಗಿನವರು ಹೀಗೆ ನುಗ್ಗಬಹುದೇ?" ಎಂದರು.

"ನೋಡಿಲ್ಲ ಸಾಹೇಬ್."

"ಇಷ್ಟು ದಿನ ಇಲ್ಲೇ ಕೂತು ಯಾಕೆ ನೋಡಲಿಲ್ಲ?"

"ನೀವು ಬರೆದು ಕೊಟ್ಟಿಲ್ಲ."

ಮಾಸ್ತರರು ಕೆಮ್ಮಿದರಂತೆ. ನೌಕರಿ ಉಳಿಯಿತು. ಶಿಕ್ಷೆಯೂ ಆಯಿತು: ಹಳೆಯ ಯಂತ್ರದಿಂದ ಇಂಟರ್ನೆಟ್ ತೆಗೆಸಿದರು, ಊಟದ ಹೊತ್ತಿನ ಅಭ್ಯಾಸ ಒಂದು ತಿಂಗಳು ಇಲ್ಲ. ಹೊರಡುವಾಗ ಕರೆದು ಹೇಳಿದರು. "ಶನಿವಾರ ರಜೆ ತೆಗೆದುಕೋ. ಗಿರಾಕಿ ಥಾನು ಬಿಚ್ಚುವಾಗ ತಪ್ಪು ಮಾಡಿದವರು ಎದುರಿಗೆ ಇರಬೇಕು."

ಅಂದು ಸಂಜೆ ಅವಳು ತಂದೆಗೂ ಎಲ್ಲ ಹೇಳಿದಳು. ಅವರು ಗಲ್ಲಾದ ಹಿಂದೆ ಕೂತೇ ಪೂರ್ತಿ ಕೇಳಿ, ಎರಡು ಮೇಜಿನ ಬಿಲ್ ಹಾಕಿ ಮುಗಿಸಿ, ಆಮೇಲೆ ಉತ್ತರ ಕೊಟ್ಟರು. "ಮಿಲ್ಲಿಂದ ಕಂಪ್ಲೇಂಟ್ ಬಂದ್ರೆ ಅಂತ ನಾನು ಹೇಳಿದ್ದು. ಇದು ನಿನ್ನಿಂದ್ಲೇ ಬಂತಲ್ಲ ಮಾರಾಯ್ತಿ. ಅದಕ್ಕೆ ನಾನು ರೂಲ್ ಮಾಡ್ಲಿಲ್ಲ. ಶನಿವಾರ ಪೊಲೀಸ್ ಬರುದಿಲ್ಲ ಅಂತಾದ್ರೆ ಭಾನುವಾರ ಹೋಗು."

ಹೀಗಾಗಿ ಎಲ್ಲವೂ ಶನಿವಾರಕ್ಕೆ ಬಂದು ನಿಂತಿತು. ನಾನು ಮತ್ತೊಂದು ರಜೆ ಬರೆದುಕೊಟ್ಟು ವಡೋದರಾಕ್ಕೆ ಹೋದೆ. ಒಂಬತ್ತಕ್ಕೆ ತಲುಪಿದಾಗ ಅವಳು ಗೇಟಿನಲ್ಲೇ ನಿಂತಿದ್ದಳು, ಕೈಯಲ್ಲಿ ಆ ದಿನದ ಸರಿಯಾದ ಪಟ್ಟಿ. ಬಾಗಿಲಿನ ಪಕ್ಕಕ್ಕೆ ಇನ್ನೆರಡು ಬೆಂಚು ಹಾಕಿಸಿದ್ದರು. ನೆರಳಿಗೆ ಒಂದು ಬಟ್ಟೆಯ ಚಪ್ಪರ. ವೈದ್ಯರು ಎಂದಿಗಿಂತ ಒಂದು ಗಂಟೆ ಮೊದಲೇ ಬಂದು ಒಳಗೆ ಕೂತಿದ್ದರು. ಅದನ್ನು ಅವರು ನಮಗೆ ಹೇಳಲಿಲ್ಲ, ಕೌಂಟರಿನ ಹೆಂಗಸು ಹೇಳಿದಳು.

ಸಮಯಕ್ಕೆ ಸರಿಯಾಗಿ ಬರಬೇಕಾದವರು ಬಂದರು, ಹೋದರು. ಹತ್ತಕ್ಕೆ ಐದು ನಿಮಿಷವಿರುವಾಗ ರಿಕ್ಷಾದಿಂದ ಮೂವರು ಇಳಿದರು. ಇಬ್ಬರು ಗಂಡಸರು, ಒಬ್ಬ ಅಜ್ಜಿ. ಮೂವರ ಕೈಯಲ್ಲೂ ಕರ್ಜಣದ ಕೆಫೆಯ ಚೀಟಿ, ಮೂರರಲ್ಲೂ ಶನಿವಾರ ಹತ್ತು ಗಂಟೆ. ಅವರ ಸರದಿ ನಿಜವಾಗಿ ಗುರುವಾರ ಇತ್ತು.

ಅವಳು ಅವರನ್ನು ಬೆಂಚಿನ ಮೇಲೆ ಕೂರಿಸಿ, ಎದುರಿಗೆ ಬಗ್ಗಿ ನಿಂತು, ನಡೆದದ್ದನ್ನು ಹೇಳಿದಳು. ಗಂಡಸರು ತಲೆಯಾಡಿಸಿದರು. ಅಜ್ಜಿ ಬಿಡಲಿಲ್ಲ.

"ಅಂದರೆ ಗುರುವಾರ ಬಂದಿದ್ದರೆ ಗುರುವಾರವೇ ಆಗುತ್ತಿತ್ತೇ?"

"ಹೌದು ಅಜ್ಜಿ."

"ಎರಡು ದಿನ ಸೊಸೆ ಕೈಲಿ ಕಣ್ಣಿಗೆ ಔಷಧಿ ಹಾಕಿಸಿಕೊಂಡೆ. ಅವಳು ಅರ್ಧ ಕೆನ್ನೆಗೇ ಹಾಕುತ್ತಾಳೆ. ಅದೂ ನಿನ್ನ ಲೆಕ್ಕಕ್ಕೆ."

"ಆಯಿತು ಅಜ್ಜಿ."

"ಇನ್ನೊಮ್ಮೆ ಹೀಗೆ ಮಾಡುತ್ತೀಯಾ?"

"ಮಾಡುವುದಿಲ್ಲ."

"ಕೈ ಕೊಡು, ಮೆಟ್ಟಿಲಿದೆ" ಎಂದು ಅಜ್ಜಿ ಎದ್ದರು. ವೈದ್ಯರು ಮೂವರನ್ನೂ ನಡುವೆ ಸೇರಿಸಿಕೊಂಡರು. ಫೋನಿಗೆ ಸಿಗದಿದ್ದ ಇಬ್ಬರಲ್ಲಿ ಒಬ್ಬರು ಮೊದಲಿನ ಸರಿಯಾದ ಚೀಟಿ ಹಿಡಿದು ತಾವೇ ಬಂದರು, ಸರಿಯಾದ ಹೊತ್ತಿಗೇ. ಇನ್ನೊಬ್ಬರು ಬರಲಿಲ್ಲ. ಅವರ ಹೆಸರನ್ನು ಅವಳು ಬರೆದುಕೊಂಡಳು, ಮುಂದಿನ ಬುಧವಾರ ಹುಡುಕಿದಳು. ಮದುವೆಗೆ ಹೋಗಿದ್ದರಂತೆ.

ಒಂದು ಗಂಟೆಗೆ ಬೆಂಚುಗಳು ಖಾಲಿ. ವೈದ್ಯರು ಕೈ ಒರೆಸುತ್ತ ಹೊರಗೆ ಬಂದರು. ಅವಳು ನೆಟ್ಟಗೆ ನಿಂತಳು.

"ಊಟ ಆಯಿತಾ?"

"ಇಲ್ಲ ಸಾಹೇಬ್. ನೀವು ಸಂಜೆ ಹೇಳುತ್ತೇನೆ ಅಂದಿದ್ದು..."

"ಏನು? ಪೊಲೀಸರೇ? ಇಲ್ಲ." ಕೌಂಟರಿನ ಮೇಲಿದ್ದ ಒಂದು ಫೈಲನ್ನು ಎತ್ತಿ ಕಲಿಸುವವರು ಹಿಂದೆ ಕೊಟ್ಟಿದ್ದ ವರದಿಯನ್ನು ತೋರಿಸಿದರು. "ಮೂರು ವಾರ ಇದು ಪಿನ್ನೂ ಬಿಚ್ಚದೆ ನನ್ನ ಡ್ರಾಯರಿನಲ್ಲಿತ್ತು. ನೀನು ಬಂದ ದಾರಿ ಇದರಲ್ಲಿ ಬರೆದಿದೆ. ನಿನ್ನೆ ಮುಚ್ಚಿಸಿದೆ." ಫೈಲನ್ನು ಕೆಳಗಿಟ್ಟು, "ಅನುಮತಿ ಮಾತ್ರ ವಾಪಸ್ ಕೊಡುವುದಿಲ್ಲ" ಎಂದರು.

"ಕೇಳುವುದೂ ಇಲ್ಲ ಸಾಹೇಬ್."

ನನ್ನ ಮುಖ್ಯಸ್ಥರಿಗೆ ಫೋನ್ ಮಾಡಿ ಸುದ್ದಿಯಿಲ್ಲ ಎಂದೆ. "ಒಳ್ಳೆಯದು" ಎಂದು ಇಟ್ಟರು. ಅವರ ಬಾಯಲ್ಲಿ ಆ ಪದವನ್ನು ನಾನು ಅಪರೂಪಕ್ಕೆ ಕೇಳಿದ್ದೇನೆ.

ಮರುದಿನ ಭಾನುವಾರ ಅವಳು ಅಹಮದಾಬಾದಿಗೆ ಬಂದಳು. ಚೀಲದಲ್ಲಿ ಮಿಲ್ಲಿನ ಒಂದು ಶೇಡ್ ಕಾರ್ಡ್ ಇತ್ತು. ಬಣ್ಣ ಹಾಕಿದ ಬಟ್ಟೆಯ ಉಗುರಿನಷ್ಟು ತುಂಡುಗಳನ್ನು ಸಾಲಾಗಿ ಅಂಟಿಸಿದ ರಟ್ಟು. ಕಲಿಸುವವರ ಮುಂದೆ ಅದನ್ನು ಬಿಚ್ಚಿದಳು.

"ಭಾಯ್, ನಕಲು ಅಸಲಿನ ಹಾಗೆ ಕಾಣಬಾರದು. ನಮ್ಮ ಎಲ್ಲ ನಕಲುಗಳ ಹಿನ್ನೆಲೆ ಒಂದೇ ಬಣ್ಣ ಮಾಡೋಣ. ಯಾವ ಕಂಪನಿಯೂ ತನ್ನ ಸೈಟಿಗೆ ಹಾಕಿಕೊಳ್ಳದಂಥ ಬಣ್ಣ. ನಮ್ಮ ಬಣ್ಣದ ಮಾಸ್ತರ್ ಇದನ್ನು ಹೇಳಿದರು." ಅವಳ ಬೆರಳು ಒಂದು ಹಳದಿಯ ಮೇಲಿತ್ತು. ಅರಿಶಿನವೂ ಅಲ್ಲ, ನಿಂಬೆಯೂ ಅಲ್ಲ, ಕಣ್ಣಿಗೆ ಚುಚ್ಚುವ ಹಳದಿ. "ಈ ಶೇಡ್ ಇಲ್ಲಿಯವರೆಗೆ ಒಬ್ಬ ಗಿರಾಕಿಯೂ ಕೇಳಿಲ್ಲವಂತೆ."

ಆ ದಿನ ಪಾಠವಾಗಲಿಲ್ಲ. ಎಲ್ಲರೂ ಸೇರಿ ಹಳೆಯ ನಕಲುಗಳಿಗೆಲ್ಲ ಹಳದಿ ಬಳಿದರು. ಸಂಜೆ ಹೊತ್ತಿಗೆ ಕೋಣೆಯ ಹತ್ತು ಪರದೆಗಳೂ ಹಳದಿಯಾಗಿ, ಎದುರಿಗೆ ಕೂತವರ ಮುಖಗಳಿಗೆಲ್ಲ ಕಾಮಾಲೆ ಬಂದಂತೆ ಕಾಣುತ್ತಿತ್ತು.

ಮುಂದಿನ ವರ್ಷ ಸೂರತ್ತಿನಲ್ಲೇ ಒಂದು ಗುಂಪು ಶುರುವಾಯಿತು, ಪಾಂಡೇಸರಾದ ಅದೇ ಮಿಲ್ಲಿನ ಸ್ಯಾಂಪಲ್ ಕೋಣೆಯಲ್ಲಿ. ಶೇಠ್ ತಮ್ಮ ಸೈಟನ್ನೇ ಮೊದಲು ನಕಲು ಮಾಡಲು ಬರೆದು ಕೊಟ್ಟಿದ್ದರು. ವರದಿ ಬರೆಯುವ ಪಾಠಕ್ಕೆಂದು ನನ್ನನ್ನೂ ಕರೆದಿದ್ದರು. ಹೊಸಬರು ಎಂಟು ಮಂದಿ. ಹಜೀರಾದ ಕಾರ್ಖಾನೆಗಳ ಕಾಲೊನಿಯಿಂದ ಬಂದ ಇಬ್ಬರು, ಉಳಿದವರು ಸುತ್ತಲಿನ ಮಿಲ್ಲುಗಳವರು. ಅವಳು ಪಾಠ ಶುರುಮಾಡಿದ್ದು ಒಂದು ವರದಿ ಓದುವುದರಿಂದ. ಒಂದು ಮಂಗಳವಾರ ಮಧ್ಯಾಹ್ನ ಇಂಥ ಹೊತ್ತಿಗೆ ಒಂದು ಕಣ್ಣಿನ ಆಸ್ಪತ್ರೆಯ ರೋಗಿಗಳ ಸಮಯ ತಪ್ಪಿಹೋಯಿತು ಎಂಬಲ್ಲಿಂದ ಹಿಡಿದು ಹಾಳೆಯ ಅಂಚಿನ ಸಾಲಿನವರೆಗೆ, ಏನೂ ಬಿಡದೆ.

ಮುಗಿದ ಮೇಲೆ ಮುಂದಿನ ಸಾಲಿನಿಂದ ಒಬ್ಬಳು ಕೇಳಿದಳು, "ಅಕ್ಕಾ, ಇಷ್ಟು ದೊಡ್ಡ ಎಡವಟ್ಟು ಮಾಡಿದವರು ಯಾರು?"

"ನಾನು" ಎಂದು ಅವಳು ಹಾಳೆಯನ್ನು ಮಡಚಿಟ್ಟಳು. "ಈಗ ಎಲ್ಲರೂ ನಿಮ್ಮ ಪರದೆ ನೋಡಿ. ಯಾರದ್ದಾದರೂ ಹಳದಿ ಇಲ್ಲದಿದ್ದರೆ ಕೀಬೋರ್ಡ್ ಮುಟ್ಟದೆ ಕೈ ಎತ್ತಿ."

ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಅವಳು ಅತ್ತ ನಡೆದಳು.